ಮರೆತ ತಟ್ಟೆಗಳ ಮರುಹುಟ್ಟು

1964ರ ಫೆಬ್ರವರಿ 9ರ ಭಾನುವಾರ ರಾತ್ರಿ, ಅಮೆರಿಕದ ಸುಮಾರು 7.3 ಕೋಟಿ ಜನ ಟಿ.ವಿ.ಯ ಮುಂದೆ ಕುಳಿತು, ಇಂಗ್ಲೆಂಡಿನಿಂದ ಬಂದ ಬೀಟಲ್ಸ್ ತಂಡದ ಹಾಡುಗಾರಿಕೆಯನ್ನು ನೋಡಿದರು. ಅದರ ಬೆನ್ನಿಗೇ ಆ ದೇಶದ ಊರೂರುಗಳಲ್ಲಿ ಹೈಸ್ಕೂಲು ಹುಡುಗರು ಗಿಟಾರಿಗಾಗಿ ತಂದೆತಾಯಿಯರನ್ನು ಕಾಡತೊಡಗಿದರು. ಮನೆಯೊಳಗೆ ಅಭ್ಯಾಸ ಮಾಡಿದರೆ ಹಿರಿಯರ ಗದರಿಕೆ. ಆದ್ದರಿಂದ ಅನೇಕರು ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಡ್ರಮ್ಮು ಜೋಡಿಸಿಕೊಂಡರು. ಆ ಸಂಗೀತಕ್ಕೆ 'ಗ್ಯಾರೇಜ್ ರಾಕ್' ಎಂಬ ಹೆಸರು ಬಿದ್ದದ್ದು ಮಾತ್ರ ಎಷ್ಟೋ ವರ್ಷಗಳ ಅನಂತರ.

ಮೂರು ನಾಲ್ಕು ಸ್ವರಮೇಳಗಳು, ಕರ್ಕಶವಾಗಿ ಮೊರೆಯುವ ಗಿಟಾರು, ಅಗ್ಗದ ವಿದ್ಯುತ್ ಆರ್ಗನ್ನು, ಎರಡೂವರೆ ನಿಮಿಷದ ಹಾಡು: ಇಷ್ಟೇ ಅವರ ಬಂಡವಾಳ. ಹಣ ಕೂಡಿಸಿ ಹತ್ತಿರದ ಸ್ಟುಡಿಯೋದಲ್ಲಿ ಎರಡು ಹಾಡು ಮುದ್ರಿಸಿ, ಏಳು ಅಂಗುಲದ ತಟ್ಟೆಯನ್ನು ಕೆಲವು ನೂರು ಪ್ರತಿ ಒತ್ತಿಸುವುದು ವಾಡಿಕೆ. ಊರಿನ ರೇಡಿಯೋ ಕೆಲವು ವಾರ ಅದನ್ನು ಪ್ರಸಾರ ಮಾಡುತ್ತಿತ್ತು. ಪಕ್ಕದ ರಾಜ್ಯಕ್ಕೆ ಅದರ ಸುಳಿವೂ ಇರುತ್ತಿರಲಿಲ್ಲ. ಬಳಿಕ ಕಾಲೇಜು, ಉದ್ಯೋಗ, ವಿಯೆಟ್ನಾಂ ಯುದ್ಧದ ಕಡ್ಡಾಯ ಸೈನ್ಯಸೇವೆ, ಹೀಗೆ ಒಂದೊಂದು ಕಾರಣಕ್ಕೆ ತಂಡಗಳು ಚದುರಿಹೋದವು. ಸ್ಯಾನ್ ಹೊಸೆಯ 'ಕೌಂಟ್ ಫೈವ್' ತಂಡದ ಹಾಡೊಂದು 1966ರಲ್ಲಿ ರಾಷ್ಟ್ರೀಯ ಪಟ್ಟಿಯ ಐದನೆಯ ಸ್ಥಾನಕ್ಕೇರಿತ್ತು. ಆದರೂ ಆ ಹುಡುಗರು ಊರೂರು ಸುತ್ತುವ ಬದಲು ಓದನ್ನೇ ಆರಿಸಿಕೊಂಡರು.

ಚದುರಿದ ಈ ಸಂಪತ್ತನ್ನು ಮೊದಲು ಒಂದೆಡೆ ತಂದದ್ದು 1972ರ 'ನಗೆಟ್ಸ್' ಎಂಬ ಜೋಡಿ ತಟ್ಟೆಗಳ ಸಂಕಲನ. ಎಲೆಕ್ಟ್ರಾ ಸಂಸ್ಥೆಯ ಸ್ಥಾಪಕ ಜಾಕ್ ಹೋಲ್ಜ್‌ಮನ್ ಈ ಕೆಲಸವನ್ನು ವಹಿಸಿದ್ದು ನ್ಯೂಯಾರ್ಕಿನ ರೆಕಾರ್ಡು ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಯುವ ಬರಹಗಾರ ಲೆನ್ನಿ ಕೇಯ್‌ಗೆ. ಆತ 27 ಹಾಡುಗಳನ್ನು ಆಯ್ದ. ತಂಡಗಳ ಕುರಿತು ಅಕ್ಕರೆಯ ಟಿಪ್ಪಣಿ ಬರೆದ. ಆ ಟಿಪ್ಪಣಿಯಲ್ಲಿ 'ಪಂಕ್ ರಾಕ್' ಎಂಬ ಪದವನ್ನೂ ಬಳಸಿದ. ಮಾರಾಟ ಅಷ್ಟಕ್ಕಷ್ಟೇ. ಆದರೆ ಮುಂದೆ ಪಂಕ್ ಸಂಗೀತ ಕಟ್ಟಿದ ತಲೆಮಾರಿಗೆ ಅದು ಪಠ್ಯಪುಸ್ತಕವಾಯಿತು. 1998ರಲ್ಲಿ ರೈನೋ ಸಂಸ್ಥೆ ಅದನ್ನು 118 ಹಾಡುಗಳ ನಾಲ್ಕು ಸಿ.ಡಿ.ಗಳಾಗಿ ವಿಸ್ತರಿಸಿತು.

'ನಗೆಟ್ಸ್' ಎಂದರೆ ಚಿನ್ನದ ಗಟ್ಟಿಗಳು. ಅದರಲ್ಲಿದ್ದ ಅನೇಕ ಹಾಡುಗಳು ಒಮ್ಮೆ ಹೆಸರು ಮಾಡಿದವೇ. ಇನ್ನೂ ಆಳಕ್ಕಿಳಿದವನು ಪತ್ರಿಕೆ ನಡೆಸುತ್ತಿದ್ದ ಗ್ರೆಗ್ ಶಾ. 1970ರ ದಶಕದ ಕೊನೆಯಲ್ಲಿ ಆತ ಆರಂಭಿಸಿದ ಮಾಲಿಕೆಯ ಹೆಸರು 'ಪೆಬಲ್ಸ್', ಅಂದರೆ ಬೆಣಚುಕಲ್ಲುಗಳು. 1983ರಲ್ಲಿ ಟಿಮ್ ವಾರನ್ ತನ್ನ ಕ್ರಿಪ್ಟ್ ಸಂಸ್ಥೆಯಿಂದ 'ಬ್ಯಾಕ್ ಫ್ರಮ್ ದ ಗ್ರೇವ್' ಮಾಲಿಕೆಯನ್ನು ತಂದ. 'ಗೋರಿಯಿಂದ ಮರಳಿ' ಎಂಬುದು ಅದರ ಅರ್ಥ. ಚಿನ್ನದಿಂದ ಕಲ್ಲಿಗೆ, ಕಲ್ಲಿನಿಂದ ಗೋರಿಗೆ: ಹೆಸರುಗಳೇ ಅಗೆತದ ಆಳವನ್ನು ಹೇಳುತ್ತವೆ. ಎಷ್ಟೋ ಹಾಡುಗಳ ಮೂಲ ಟೇಪುಗಳು ನಾಶವಾಗಿದ್ದವು. ಉಳಿದಿದ್ದ ಹಳೆಯ ತಟ್ಟೆಯಿಂದಲೇ ಪ್ರತಿ ಎತ್ತಬೇಕಾಗಿದ್ದುದರಿಂದ, ಗೀರುಗಳ ಚಟಪಟ ಸದ್ದೂ ಹಾಡಿನೊಂದಿಗೆ ಉಳಿದುಬಂದಿತು. ವಾರನ್ ತಂಡಗಳ ಸದಸ್ಯರನ್ನು ಹುಡುಕಿ, ಮಾತನಾಡಿಸಿ, ಅವರ ಕಥೆಗಳನ್ನೂ ಭಾವಚಿತ್ರಗಳನ್ನೂ ಸಂಕಲನಗಳೊಂದಿಗೆ ಅಚ್ಚುಹಾಕಿಸಿದ.

ಇಲ್ಲಿ ನ್ಯಾಯದ ಪ್ರಶ್ನೆಯೊಂದು ಏಳುತ್ತದೆ. ಈ ಹಾಡುಗಳ ಒಡೆಯರು ಯಾರು? ಕಾನೂನಿನ ದೃಷ್ಟಿಯಲ್ಲಿ ಸಾಹಿತ್ಯ ಮತ್ತು ರಾಗಕ್ಕೆ ಒಂದು ಹಕ್ಕು, ಧ್ವನಿಮುದ್ರಣಕ್ಕೆ ಬೇರೊಂದು ಹಕ್ಕು. ಅಮೆರಿಕದ ಕೇಂದ್ರ ಕಾನೂನು 1972ರ ಫೆಬ್ರವರಿ 15ಕ್ಕಿಂತ ಮೊದಲಿನ ಧ್ವನಿಮುದ್ರಣಗಳಿಗೆ ಕೃತಿಸ್ವಾಮ್ಯದ ರಕ್ಷಣೆಯನ್ನೇ ಕೊಟ್ಟಿರಲಿಲ್ಲ; ಅವು ಆಯಾ ರಾಜ್ಯಗಳ ಕಾನೂನಿಗೆ ಒಳಪಟ್ಟಿದ್ದವು. 2018ರ ತಿದ್ದುಪಡಿಯಿಂದ ಅವುಗಳಿಗೂ ಕೇಂದ್ರದ ರಕ್ಷಣೆ ದೊರೆಯಿತು. ಅರುವತ್ತರ ದಶಕದ ಮುದ್ರಣಗಳಿಗೆ ಅದು 2067ರವರೆಗೆ ಇರುತ್ತದೆ. ಭಾರತದಲ್ಲಿ ಪ್ರಕಟವಾದ ಧ್ವನಿಮುದ್ರಣಕ್ಕಾದರೋ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಹಕ್ಕು ಇದ್ದೇ ಇತ್ತು. ಆದರೆ ಸಣ್ಣ ಸಂಸ್ಥೆಗಳು ಮುಚ್ಚಿ, ಒಡಂಬಡಿಕೆಯ ಕಾಗದಗಳು ಕಳೆದುಹೋದಾಗ, ಅನುಮತಿ ಕೇಳಬೇಕಾದದ್ದು ಯಾರಲ್ಲಿ? ಅನೇಕ ಸಂಕಲನಗಳು ಅನುಮತಿಯಿಲ್ಲದೆಯೇ ಹೊರಬಂದವು. ಹಾಡು ಉಳಿಯಿತು; ಹಾಡಿದವನಿಗೆ ಕಾಸು ಸಿಗಲಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಮಿಷಿಗನ್ ರಾಜ್ಯದ 'ಕ್ವೆಶ್ಚನ್ ಮಾರ್ಕ್ ಅಂಡ್ ದ ಮಿಸ್ಟೀರಿಯನ್ಸ್' ತಂಡದವರು ದುಡಿಮೆಗಾಗಿ ವಲಸೆ ಬಂದ ಮೆಕ್ಸಿಕನ್ ಮೂಲದ ಕುಟುಂಬಗಳ ಮಕ್ಕಳು. ಅವರ '96 ಟಿಯರ್ಸ್' ಮೊದಲು ಪುಟ್ಟ ಸ್ಥಳೀಯ ಸಂಸ್ಥೆಯಿಂದ ಹೊರಬಂದು, 1966ರಲ್ಲಿ ದೇಶದ ಮೊದಲನೆಯ ಸ್ಥಾನವನ್ನೇ ಪಡೆಯಿತು. ಆದರೆ ಮೂಲ ಮುದ್ರಣದ ಒಡೆತನ ಕೈಯಿಂದ ಕೈಗೆ ಸಾಗಿ, 2005ರವರೆಗೂ ಅದು ಅಧಿಕೃತ ಸಿ.ಡಿ.ಯಾಗಿ ಬರಲೇ ಇಲ್ಲ. ಕಾದು ಬೇಸತ್ತ ತಂಡ 1990ರ ದಶಕದಲ್ಲಿ ತನ್ನ ಹಾಡನ್ನು ತಾನೇ ಮತ್ತೊಮ್ಮೆ ಮುದ್ರಿಸಬೇಕಾಯಿತು. ಯಾರೂ ಅರಿಯದ ಹಾಡು ಅನುಮತಿಯಿಲ್ಲದೆ ಬದುಕಿತು. ದೇಶವೇ ಅರಿತ ಹಾಡು ಹಕ್ಕಿನ ಬೀಗದೊಳಗೆ ಕುಳಿತಿತು.

ಹಾಗೆಂದು ಕದ್ದು ಮುದ್ರಿಸುವುದೇ ಸರಿಯೆಂದು ಹೇಳಲಾಗದು. ಹಾಡಿನ ಉಳಿವು ಮತ್ತು ಹಾಡಿದವನ ಹಕ್ಕು ಇವೆರಡಕ್ಕೂ ಆಧಾರವಾಗುವುದು ದಾಖಲೆಯೇ. ಹೆಸರು, ಊರು, ದಿನಾಂಕ ಬರೆದಿದ್ದ ತಟ್ಟೆಯ ಹಾಡುಗಾರರನ್ನು ಇಪ್ಪತ್ತು ವರ್ಷಗಳ ಬಳಿಕವೂ ಹುಡುಕಬಹುದಾಗಿತ್ತು. ಏನೂ ಬರೆಯದ ತಟ್ಟೆ ಇಂದಿಗೂ ಅನಾಥ.

ಗಡಿಯಾಚೆ ಕನ್ನಡ ಉಳಿಸಿಕೊಂಡ ಮನೆಗಳ ಕಪಾಟಿನಲ್ಲಿಯೂ ಕ್ಯಾಸೆಟ್ಟುಗಳಿವೆ: ಅಜ್ಜಿಯ ಸೋಬಾನೆ, ಶಾಲಾ ವಾರ್ಷಿಕೋತ್ಸವದ ನಾಟಕ, ಊರಿನ ಭಜನಾ ಮಂಡಳಿಯ ಹಾಡು. ಅವುಗಳ ಮೇಲೆ ಯಾರು ಹಾಡಿದರು, ಎಲ್ಲಿ, ಎಂದು ಎಂಬ ಮೂರು ಮಾತುಗಳನ್ನು ಮಕ್ಕಳ ಕೈಯಿಂದ ಇಂದೇ ಬರೆಯಿಸಿಡಬಹುದು. ಹೇಳಬಲ್ಲ ಹಿರಿಯರು ಇನ್ನೂ ಮನೆಯಲ್ಲಿರುವಾಗಲೇ ಆ ಕೆಲಸ ಆಗಬೇಕು.