ಪ್ರೆಸಿಷನ್ ಕೊಟ್ಟು ಜಾಝ್ ಬೇಸ್ ತಗೊಳ್ಳಲೇ?

ಪ್ರಶ್ನೆ: ನನ್ನ ಫೆಂಡರ್ ಪ್ರೆಸಿಷನ್ ಬೇಸ್ ಗಿಟಾರನ್ನು ಗೆಳೆಯನ ಜಾಝ್ ಬೇಸ್‌ಗೆ ಅದಲುಬದಲು ಮಾಡಿಕೊಳ್ಳಲೇ?

ಉತ್ತರ: ನುಡಿಯುವ ತಂತಿಯ ಉದ್ದ ಎರಡರಲ್ಲೂ 34 ಇಂಚು. ಮುಖ್ಯ ವ್ಯತ್ಯಾಸ ಕತ್ತು ಮತ್ತು ಪಿಕಪ್‌ನಲ್ಲಿ. 1960ರಲ್ಲಿ ಬಂದ ಜಾಝ್‌ನ ಕತ್ತು ಮೇಲ್ತುದಿಯಲ್ಲಿ ಒಂದೂವರೆ ಇಂಚಷ್ಟೇ. ಸಣ್ಣ ಕೈಯವರಿಗೆ ಹಿತ. ಎರಡು ಪಿಕಪ್ ಇರುವುದರಿಂದ ನಾದದ ಬಗೆಯೂ ಹೆಚ್ಚು. ಆದರೆ ಒಂದನ್ನೇ ತೆರೆದರೆ ಸಾಮಾನ್ಯವಾಗಿ ಗುಂಯ್‌ಗುಟ್ಟುತ್ತದೆ. 1957ರಲ್ಲಿ ಪಿಕಪ್ ಇಬ್ಭಾಗವಾದ ಮೇಲೆ ಪ್ರೆಸಿಷನ್‌ಗೆ ಆ ಕಾಟವಿಲ್ಲ. ಡ್ರಮ್ಮಿನ ಪಕ್ಕ ಗಟ್ಟಿಯಾಗಿ ನಿಲ್ಲುವ ದನಿ ಅದರದು. ಅಮೆರಿಕದ ಮೋಟೌನ್ ಸಂಸ್ಥೆಯ ಹಾಡುಗಳಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಅದನ್ನೇ. ನಿಮ್ಮ ಪ್ರೆಸಿಷನ್ ಬೇಸರ ತಂದಿದ್ದರೆ, ಅದು ಹಳೇ ತಂತಿಯಿಂದಲೋ (ಬಹಳ ಸಲ ಹಾಗೇ!) ಎಂದು ಮೊದಲು ಹೊಸದನ್ನು ಹಾಕಿ ನೋಡಿ. ಆಮೇಲೂ ಆಸೆ ಉಳಿದರೆ, ಗೆಳೆಯನದನ್ನು ಒಂದು ವಾರ ಎರವಲು ತನ್ನಿ. ಕತ್ತು ಬಾಗಿದೆಯೇ ನೋಡಿ, ಬ್ಯಾಂಡಿನಲ್ಲಿ ನುಡಿಸಿ, ಅಲ್ಲಿಯವರೆಗೆ ಮಾತು ಕೊಡಬೇಡಿ.