ನೋಡಿ ಮುಚ್ಚಿದರೆ ಸಾಲದು

ಡೊಂಬಿವಲಿಯ ನಮ್ಮ ವಾಚನಾಲಯದ ಗಣಕಯಂತ್ರವನ್ನು ಠಾಣೆ, ಕಲ್ಯಾಣ, ನವಿ ಮುಂಬಯಿಗಳಿಂದ ಬರುವ ಸದಸ್ಯ ಬಾಂಧವರೂ ಬಳಸುತ್ತಾರೆ. ಅವರೆಲ್ಲರಿಗೂ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ.

ಹಿರಿಯ ಸದಸ್ಯರೊಬ್ಬರು ಭವಿಷ್ಯನಿಧಿಯ ಕಾಗದಗಳನ್ನು ಹುಡುಕಲೆಂದು, ಕೆಟ್ಟುಹೋದ ತಮ್ಮ ಯಂತ್ರದ ಬ್ಯಾಕಪ್ಪನ್ನು ಹಾರ್ಡ್ ಡಿಸ್ಕಿನಲ್ಲಿ ತಂದಿದ್ದರು. ಕಾಗದ ಸಿಕ್ಕಿತು, ಡಿಸ್ಕನ್ನು ಕಳಚಿಕೊಂಡು ಮನೆಗೆ ಹೋದರು. ಮರುದಿನ ಅರ್ಜಿ ಟೈಪು ಮಾಡಲು ಕುಳಿತ ತರುಣರೊಬ್ಬರು ವರ್ಡ್ ತೆರೆದರು. ಇತ್ತೀಚಿನ ಕಡತಗಳ ಪಟ್ಟಿಯಲ್ಲಿ, ಹಿರಿಯರು ಮನೆಯವರಿಗೂ ತಿಳಿಸದಿದ್ದ ಸಾಲದ ಕರಾರುಪತ್ರದ ಹೆಸರಿತ್ತು. ಸಾಲ ಕೊಟ್ಟವರ ಹೆಸರೂ ಅದರಲ್ಲೇ ಇತ್ತು. ತರುಣರು ಸಭ್ಯರು, ನಮಗೆ ಮಾತ್ರ ಹೇಳಿದರು. ತಪ್ಪು ಹಿರಿಯರದಲ್ಲ, ಮೊದಲೇ ಎಚ್ಚರಿಸದ ನಮ್ಮದು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಡಿಸ್ಕ್ ಇಮೇಜ್ ಎಂದರೆ ಇಡೀ ಡಿಸ್ಕನ್ನು ಒಂದೇ ದೊಡ್ಡ ಕಡತವಾಗಿ ಕಟ್ಟಿಟ್ಟ ನಕಲು. ಅದನ್ನು ತೆರೆದಾಗ ಇನ್ನೊಂದು ಡ್ರೈವಿನಂತೆ ಕಾಣುತ್ತದೆ. ನಾವು ಕೇವಲ ನೋಡುತ್ತಿದ್ದೇವೆಂದು ತಿಳಿಯುತ್ತೇವೆ. ಯಂತ್ರವಾದರೋ ಬರೆದುಕೊಳ್ಳುತ್ತಲೇ ಇರುತ್ತದೆ. ವಿಂಡೋಸ್ ಯಂತ್ರವು ತೆರೆದ ಕಡತಗಳ ಹೆಸರನ್ನು ಪಟ್ಟಿಮಾಡುತ್ತದೆ. ಹೊಕ್ಕ ಫೋಲ್ಡರುಗಳ ಹೆಸರನ್ನು ತನ್ನ ರಿಜಿಸ್ಟ್ರಿಯಲ್ಲಿ ದಾಖಲಿಸುತ್ತದೆ. ಡಿಸ್ಕ್ ತೆಗೆದರೂ ಆ ದಾಖಲೆ ಹೋಗದು. ಚಿತ್ರಗಳ ಚಿಕ್ಕ ಪ್ರತಿಗಳೂ ಉಳಿಯಬಹುದು.

ಕಚೇರಿಯಲ್ಲಿ ಕಾರ್ಬನ್ ಹಾಳೆ ಇಟ್ಟು ಬರೆದವರಿಗೆ ಇದು ಹೊಸತಲ್ಲ. ಪತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೂ, ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತದೆ. ಹಾಗೆಯೇ ಗುರುತು ಉಳಿಯುವುದು ಇಮೇಜಿನಲ್ಲಲ್ಲ, ನೋಡಿದ ಯಂತ್ರದಲ್ಲಿ. ಇಮೇಜನ್ನು ಅಳಿಸಿದರೂ ಗುರುತು ಅಳಿಯದು. ಪಾಸ್‌ವರ್ಡ್ ಇದ್ದರೂ, ಒಮ್ಮೆ ಕೊಟ್ಟು ತೆರೆದ ಮೇಲೆ ಹೆಸರುಗಳು ಹೊರಬಿದ್ದಂತೆಯೇ. ಓದಲು ಮಾತ್ರ ಎಂಬ ವಿಧಾನದಲ್ಲಿ ತೆರೆದರೆ ಇಮೇಜು ಕೆಡುವುದಿಲ್ಲ, ನಿಜ; ಆದರೆ ಯಂತ್ರ ಬರೆದುಕೊಳ್ಳುವುದು ನಿಲ್ಲುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸ್ವಂತ ಯಂತ್ರವಿದ್ದವರು ಅದರಲ್ಲೇ ನೋಡುವುದು ಒಳ್ಳೆಯದು. ಇಲ್ಲದವರಿಗೆ ಪೆನ್‌ಡ್ರೈವಿನಿಂದಲೇ ನಡೆಯುವ ಲೈವ್ ಲಿನಕ್ಸ್ ಉತ್ತಮ; ಅದು ಸಾಮಾನ್ಯವಾಗಿ ಯಂತ್ರದ ಡಿಸ್ಕನ್ನು ಮುಟ್ಟದೆ ನೆನಪಿನಲ್ಲೇ ಕೆಲಸ ಮಾಡುತ್ತದೆ, ಯಂತ್ರ ಆರಿಸಿದೊಡನೆ ಆ ನೆನಪೂ ಅಳಿಯುತ್ತದೆ. ಅದೂ ಆಗದಿದ್ದರೆ ವಿಂಡೋಸಿನಲ್ಲಿ ಬೇರೆ ಬಳಕೆದಾರರ ಖಾತೆ ತೆರೆದು, ಕೆಲಸ ಮುಗಿದ ಮೇಲೆ ಆ ಖಾತೆಯನ್ನು ಅದರ ಕಡತಗಳ ಸಮೇತ ತೆಗೆದುಹಾಕಬೇಕು. ಗುರುತುಗಳಲ್ಲಿ ಬಹುಪಾಲು ಅದರೊಡನೆ ಹೋಗುತ್ತವೆ, ಎಲ್ಲವೂ ಅಲ್ಲ. ಇತ್ತೀಚಿನ ಪಟ್ಟಿಯನ್ನಷ್ಟೇ ಅಳಿಸಿ ನಿಶ್ಚಿಂತರಾಗಬಾರದು.

ಬಡವರಿಗೆ ಗುಟ್ಟೇನು ಎನ್ನುವವರಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಹಕ್ಕು ಧನಿಕನಿಗೆಷ್ಟೋ ಕೂಲಿಯವನಿಗೂ ಅಷ್ಟೇ.

ವಾಚನಾಲಯದ ಮೇಜಿನಲ್ಲಿ ಲೈವ್ ಲಿನಕ್ಸಿನ ಪೆನ್‌ಡ್ರೈವೊಂದನ್ನು ಇರಿಸಿದ್ದೇವೆ. ಹಳೆಯ ಬ್ಯಾಕಪ್ ತರುವವರು ಸಂಕೋಚಪಡದೆ ಕೇಳಿರಿ. ಯಂತ್ರವನ್ನು ಹೊರಡಿಸಿ ಕೊಟ್ಟು ನಾವು ದೂರ ನಿಲ್ಲುತ್ತೇವೆ.