ಕಪ್ಪು-ಬಿಳುಪು ಚಿತ್ರದ ಹಿಂದಿನ ಬಣ್ಣ

ಮೊದಲ ಮಹಾಯುದ್ಧದ ಇಟಲಿಯ ಸೇನಾ ವಿಮಾನಗಳ ಮಾದರಿಗಳನ್ನು ನಿರ್ಮಿಸುವವರಿಗೆ ಆಕಾರಕ್ಕಿಂತ ಬಣ್ಣವೇ ಕಠಿಣವಾದ ಪ್ರಶ್ನೆ. ಏಕೆಂದರೆ ಆ ಕಾಲದ ಛಾಯಾಚಿತ್ರಗಳು ಬಹುಪಾಲು ಕಪ್ಪು-ಬಿಳುಪಿನವಾಗಿದ್ದು, ಅವುಗಳಲ್ಲಿ ಕಾಣುವ ಛಾಯೆಯ ಗಾಢತೆಯನ್ನೂ ನೇರವಾಗಿ ನಂಬುವಂತಿಲ್ಲ. ಆಗ ವ್ಯಾಪಕವಾಗಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಲಕಗಳು, ಎಂದರೆ ನೀಲಿ ಮತ್ತು ಹಸಿರು ಬೆಳಕಿಗೆ ಸ್ಪಂದಿಸಿ ಕೆಂಪಿಗೆ ಬಹುಮಟ್ಟಿಗೆ ಕುರುಡಾಗಿದ್ದ ಫಲಕಗಳು, ಕೆಂಪನ್ನು ಕಪ್ಪಾಗಿಯೂ ನೀಲಿಯನ್ನು ಬಿಳುಪಿಗೆ ಸಮೀಪವಾಗಿಯೂ ತೋರಿಸುತ್ತಿದ್ದವು. ಇಟಲಿಯ ತ್ರಿವರ್ಣ ವೃತ್ತಚಿಹ್ನೆಯಲ್ಲಿ ಹೊರಬಳೆ ಕೆಂಪಾಗಿರುವ ಕ್ರಮವೂ ಹಸಿರಾಗಿರುವ ಕ್ರಮವೂ ಇದ್ದುದರಿಂದ, ಫಲಕಗಳ ಈ ಗುಣವನ್ನು ಅರಿಯದೆ ಚಿತ್ರವನ್ನು ಓದುವುದು ಅಪಾಯಕರ.

ಕವಿ ಗಬ್ರಿಯೇಲೆ ದನ್ನುನ್ಸಿಯೊ 1918ರ ಆಗಸ್ಟ್ 9ರಂದು ವಿಯೆನ್ನಾದ ಮೇಲೆ ಕರಪತ್ರಗಳನ್ನು ಸುರಿಸಿದ ಹಾರಾಟದಲ್ಲಿ ಬಳಕೆಯಾದ ಅನ್ಸಾಲ್ಡೊ ಎಸ್‌ವಿಎ ವಿಮಾನಗಳು ಬಣ್ಣದ ಪ್ರಶ್ನೆ ಎಷ್ಟು ಕಠಿಣ ಎಂಬುದಕ್ಕೆ ಉತ್ತಮ ನಿದರ್ಶನ. ಅವುಗಳ ಒಡಲು ಪ್ಲೈವುಡ್ಡಿನದು, ರೆಕ್ಕೆಗಳಿಗೆ ಬಟ್ಟೆಯ ಹೊದಿಕೆ. ಇಂಥ ವಿಮಾನಗಳ ಬಟ್ಟೆಯನ್ನು ಬಿಗಿಗೊಳಿಸಲು ಡೋಪ್ ಎಂಬ ದ್ರವವನ್ನೂ ಮರವನ್ನು ಕಾಪಾಡಲು ವಾರ್ನಿಷನ್ನೂ ಬಳಿಯುತ್ತಿದ್ದರು. ಆದ್ದರಿಂದ ಇಲ್ಲಿ ‘ಬಣ್ಣ’ವೆಂದರೆ ಅನೇಕ ವೇಳೆ ಪೇಂಟೇ ಅಲ್ಲ, ಲೇಪದಡಿಯಲ್ಲಿ ಕಾಣುವ ಮರ ಮತ್ತು ನೂಲಿನ ಸಹಜ ವರ್ಣ. ವಾರ್ನಿಷ್ ಕಾಲಕ್ರಮೇಣ ಹಳದಿಗೊಂಡು ಕಪ್ಪಾಗುತ್ತದೆ, ವರ್ಣದ್ರವ್ಯಗಳು ಬಿಸಿಲಿಗೆ ಮಾಸುತ್ತವೆ. ಹೀಗಾಗಿ ಸಂಗ್ರಹಾಲಯದಲ್ಲಿರುವ ಮೂಲ ವಿಮಾನವೂ ಪೂರ್ಣ ಸಾಕ್ಷಿಯಲ್ಲ. ಬೆಳಕು ತಾಗದ ಮಡಿಕೆಗಳಲ್ಲಿ, ಲೋಹದ ಪಟ್ಟಿಗಳ ಅಡಿಯಲ್ಲಿ ಉಳಿದ ತುಣುಕುಗಳೇ ಹೆಚ್ಚು ನಂಬಲರ್ಹವಾದವು; ಅವುಗಳನ್ನು ಮನ್ಸೆಲ್ ಪದ್ಧತಿಯಂತಹ, ವರ್ಣ, ಹೊಳಪು, ತೀವ್ರತೆಗಳನ್ನು ಅಂಕಿಗಳಲ್ಲಿ ಗುರುತಿಸುವ ಮಾನದಂಡಕ್ಕೆ ಹೋಲಿಸಿ ದಾಖಲಿಸಬೇಕು. ಹಳೆಯ ವಿಮಾನದ ಬಟ್ಟೆಯ ತುಂಡೊಂದು ಯಾರ ಬಳಿಯಲ್ಲಾದರೂ ಇದ್ದರೆ, ಅದನ್ನು ತೊಳೆಯದೆ, ಬಿಸಿಲಿಗೆ ಒಡ್ಡದೆ ಕಾಪಾಡಬೇಕು.